ಎತ್ತರದ ಇಂಜೆಕ್ಷನ್ನಿಗೂ ಬ್ಲಡ್ ಕ್ಯಾನ್ಸರಿಗೂ ಏನು ನಂಟು?

ದಾವಣಗೆರೆಯ ತಾಯಿಯೊಬ್ಬರು ಬರೆದಿದ್ದಾರೆ: "ನನ್ನ ಮಗನಿಗೆ ಒಂಬತ್ತು ವರ್ಷ. ಬೆಳವಣಿಗೆ ಹಾರ್ಮೋನ್ ಕಮ್ಮಿ ಇದೆಯಂತೆ. ದಿನಾ ರಾತ್ರಿ ಇಂಜೆಕ್ಷನ್ ಕೊಡಿ ಎಂದಿದ್ದಾರೆ ಡಾಕ್ಟರು. ಅದರಿಂದ ಬ್ಲಡ್ ಕ್ಯಾನ್ಸರ್ ಬರುತ್ತೆ ಅಂತಾರೆ ನಮ್ಮ ದೊಡ್ಡ ಮಾವ. ನಾನು ಮದುವೆಯಾಗಿರುವುದು ಸೋದರಮಾವನನ್ನೇ. ಅದರಿಂದ ಏನಾದರೂ ತೊಂದರೆಯೇ?"

ನಿಮ್ಮ ದೊಡ್ಡ ಮಾವ ಸುಮ್ನೆ ಹೆದರಿಸಿದ್ದಲ್ಲ, ತಾಯಿ. 1988ರ ಸುಮಾರಿಗೆ ಜಪಾನಿನಲ್ಲಿ ಈ ಹಾರ್ಮೋನ್ ಪಡೆದ ಕೆಲವು ಮಕ್ಕಳಿಗೆ ಲುಕೇಮಿಯಾ, ಅಂದರೆ ಬ್ಲಡ್ ಕ್ಯಾನ್ಸರ್ ಬಂತು. ಅನುಮಾನ ಶುರುವಾದದ್ದು ಆಗ. ಅದಕ್ಕೆ ಕಾರಣವೂ ಇತ್ತು. ಈ ಹಾರ್ಮೋನು ಲಿವರಿನಿಂದ ಐಜಿಎಫ್-1 ಎಂಬ ಇನ್ನೊಂದನ್ನು ಮಾಡಿಸುತ್ತದೆ. ಜೀವಕೋಶಗಳು ಹೆಚ್ಚುವುದಕ್ಕೆ, ಸಾಯದೆ ಉಳಿಯುವುದಕ್ಕೆ ಅದರ ಕುಮ್ಮಕ್ಕು ಬೇಕು. ಮೂಳೆ ಬೆಳೆಯುವುದು ಅದರಿಂದಲೇ. ಕ್ಯಾನ್ಸರಿಗೂ ಅದೇ ಇಷ್ಟ. ಈಕ್ವೆಡಾರಿನ ದಕ್ಷಿಣದ ಬೆಟ್ಟದೂರುಗಳಲ್ಲಿ ಈ ಹಾರ್ಮೋನು ಮೈಗೆ ಹತ್ತದ, ತೀರಾ ಗಿಡ್ಡಗಿರುವ ಜನರಿದ್ದಾರೆ. ಲ್ಯಾರೋನ್ ಸಿಂಡ್ರೋಮ್ ಅಂತ ಹೆಸರು. ಅವರಲ್ಲಿ 99 ಜನರನ್ನು 22 ವರ್ಷ ಗಮನಿಸಿದಾಗ ಕ್ಯಾನ್ಸರ್ ಬಂದದ್ದು ಒಬ್ಬರಿಗೆ ಮಾತ್ರ.

ಹಾಗಾದರೆ ಇಂಜೆಕ್ಷನ್ ಬೇಡ್ವಾ? ಅವಸರ ಬೇಡ. ಲುಕೇಮಿಯಾ ಬಂದ ಮಕ್ಕಳನ್ನು ಮತ್ತೆ ಪರೀಕ್ಷಿಸಿ ನೋಡಿದಾಗ, ಹಲವರಿಗೆ ಮೊದಲೇ ಬೇರೆ ಕಾರಣಗಳಿದ್ದವು. ಕೆಲವರು ಗಡ್ಡೆಗೆ ರೇಡಿಯೇಷನ್ ತಗೊಂಡವರು, ಕೆಲವರಿಗೆ ಫ್ಯಾಂಕೋನಿ ಅನೀಮಿಯಾ ಎಂಬ ಹುಟ್ಟಿನಿಂದಲೇ ಬರುವ ಕಾಯಿಲೆ. ಇಂಥ ಮಕ್ಕಳನ್ನು ಲೆಕ್ಕದಿಂದ ತೆಗೆದರೆ, ಉಳಿದವರಲ್ಲಿ ಮಾಮೂಲಿಗಿಂತ ಜಾಸ್ತಿ ಲುಕೇಮಿಯಾ ಕಾಣಲಿಲ್ಲ.

ಫ್ಯಾಂಕೋನಿ ಅನೀಮಿಯಾದಲ್ಲಿ ಮಗು ಗಿಡ್ಡವಾಗಿರುತ್ತದೆ, ಮೂಳೆಯ ಮಜ್ಜೆ ಸೊರಗುತ್ತದೆ, ಲುಕೇಮಿಯಾ ಬರುವ ಸಂಭವವೂ ಹೆಚ್ಚು. ಗಿಡ್ಡತನ, ಕ್ಯಾನ್ಸರ್ ಎರಡೂ ಒಂದೇ ಬೇರಿನಿಂದ ಹುಟ್ಟಿದವು. ಉಲ್ಟಾ ದಾರಿಯೂ ಇದೆ: ಲುಕೇಮಿಯಾಗೆಂದು ತಲೆಗೆ ರೇಡಿಯೇಷನ್ ಕೊಟ್ಟರೆ ಬೆಳವಣಿಗೆ ಹಾರ್ಮೋನ್ ಮಾಡುವ ಪಿಟ್ಯುಟರಿ ಗ್ರಂಥಿ ಕೆಟ್ಟು ಮಗು ಬೆಳೆಯುವುದೇ ನಿಲ್ಲಬಹುದು. ಆಗ ಕ್ಯಾನ್ಸರ್ ಮೊದಲು, ಹಾರ್ಮೋನ್ ಕೊರತೆ ಆಮೇಲೆ.

ಇನ್ನು ಸೋದರಮಾವನ ವಿಷಯ. ಇದನ್ನು ನೀವು ಬರೆದದ್ದು ಒಳ್ಳೆಯದಾಯಿತು. ಫ್ಯಾಂಕೋನಿ ಸಾಮಾನ್ಯವಾಗಿ ಅಪ್ಪ ಅಮ್ಮ ಇಬ್ಬರಿಂದಲೂ ಕೆಟ್ಟ ಜೀನ್ ಬಂದಾಗ ಕಾಣಿಸಿಕೊಳ್ಳುವ ಕಾಯಿಲೆ. ನೆಂಟರೊಳಗಿನ ಮದುವೆಯಲ್ಲಿ ಆ ಸಾಧ್ಯತೆ ಜಾಸ್ತಿ. ಹಾಗಂತ ನಿಮ್ಮ ಮಗನಿಗೆ ಇದೆ ಅಂತಲ್ಲ, ಇದು ಬಲು ಅಪರೂಪ. ಹೆಬ್ಬೆರಳಿನ ಆಕಾರದಲ್ಲಿ ದೋಷ, ಮೈಮೇಲೆ ಕಾಫಿ ಬಣ್ಣದ ಮಚ್ಚೆ, ರಕ್ತದ ಕಣಗಳು ಕಮ್ಮಿ, ಇವು ಇದ್ದರೆ ಡಾಕ್ಟರಿಗೆ ಹೇಳಿ. ಅನುಮಾನ ಬಂದರೆ ಕ್ರೋಮೋಸೋಮ್ ಪರೀಕ್ಷೆ ಮಾಡಿಸುತ್ತಾರೆ. ಏನೂ ಇಲ್ಲ ಎಂದಾದರೆ ಇಂಜೆಕ್ಷನ್ ಮುಂದೂಡಬೇಡಿ, ಮೂಳೆಯ ತುದಿ ಕೂಡಿಕೊಂಡ ಮೇಲೆ ಎತ್ತರ ಬರುವುದಿಲ್ಲ. ಆಸ್ಪತ್ರೆಗೆ ಹೋಗುವಾಗ ದೊಡ್ಡ ಮಾವನನ್ನೂ ಕರೆದುಕೊಂಡು ಹೋಗಿ, ಅವರ ಪ್ರಶ್ನೆ ಅವರೇ ಕೇಳಲಿ.