ನಿಮ್ಮ ಫೋನ್ ಚಾರ್ಜಿಗೆ ಹಾಕುವ ತಂಗಿ

ಪತ್ರ ಬರೆದವರಿಗೆ 23 ವರ್ಷ, ತಂಗಿಗೆ 11. ಅಪ್ಪ ಅಮ್ಮ ಅಪಘಾತದಲ್ಲಿ ತೀರಿಕೊಂಡು 14 ತಿಂಗಳಾಗಿದೆ. ತಂಗಿ ಅಂಕಪಟ್ಟಿ ಬಚ್ಚಿಡುತ್ತಾಳೆ, ಕೇಳಿದರೆ ಸುಳ್ಳು ಹೇಳುತ್ತಾಳೆ. ‘ಹಾಸ್ಟೆಲಿಗೆ ಸೇರಿಸು, ನಿನ್ನ ಬದುಕು ನೋಡ್ಕೋ’ ಅಂತ ಸೋದರತ್ತೆಯ ಒತ್ತಾಯ. ಸೇರಿಸಲೇ ಎಂಬುದು ನಿಮ್ಮ ಪ್ರಶ್ನೆ.

ಕೊನೆಗೆ ಒಂದು ಸಾಲು ಸೇರಿಸಿದ್ದೀರಿ: ‘ದಿನಾ ರಾತ್ರಿ ನನ್ನ ಫೋನ್ ಅವಳೇ ಚಾರ್ಜಿಗೆ ಹಾಕ್ತಾಳೆ, ಅದೊಂದು ಒಳ್ಳೆ ಅಭ್ಯಾಸ.’ ಅಪಘಾತದ ದಿನ ಅಮ್ಮನ ಫೋನ್ ಸ್ವಿಚ್ ಆಫ್ ಬರುತ್ತಲೇ ಇತ್ತು ಎಂದು ಅದೇ ಪತ್ರದಲ್ಲಿ ಬರೆದವರೂ ನೀವೇ. ಎರಡನ್ನೂ ಕೂಡಿಸಿ ಓದಿ. ಉಳಿದಿರುವ ಅಣ್ಣನನ್ನು ಆ ಹುಡುಗಿ ಕಾವಲು ಕಾಯುತ್ತಿದ್ದಾಳೆ. ಹಾಸ್ಟೆಲಿನ ಮಾತು ಅವಳ ಕಿವಿಗೆ ಬಿದ್ದಿದೆ. ಅಂಕ ಕಡಿಮೆಯಾದರೆ ಸಾಗಹಾಕುತ್ತಾರೆ ಎಂಬ ಹೆದರಿಕೆಗೇ ಅಂಕಪಟ್ಟಿ ಹಾಸಿಗೆಯಡಿ ಸೇರಿದೆ.

ನನಗೆ ಸಿಟ್ಟು ಬಂದಿರುವುದು ನಿಮ್ಮ ಅತ್ತೆಯ ಮೇಲೆ. ಮಗುವನ್ನು ಎಲ್ಲಿಗೆ ಕಳಿಸುವುದು ಎಂಬ ಮಾತನ್ನು ಮಗುವಿನ ಎದುರು ಆಡಬಾರದು. ಇದನ್ನು ಈ ಅಂಕಣದಲ್ಲಿ ಎಷ್ಟು ಸಲ ಬರೆದರೂ ಸಾಲದು.

ಇವತ್ತು ಸಂಜೆ ಅವಳ ಪಕ್ಕ ಕೂತು ಹೇಳಿ: ‘ನಿನ್ನನ್ನು ಎಲ್ಲಿಗೂ ಕಳಿಸುವುದಿಲ್ಲ.’ ‘ನೀನೂ ಸತ್ತರೆ?’ ಎಂದು ಕೇಳಬಹುದು. ‘ನನಗೇನೂ ಆಗಲ್ಲ’ ಎಂದು ಮಾತು ಕೊಡಬೇಡಿ. ಅವಳು ನಂಬುವುದಿಲ್ಲ, ಆಗುತ್ತದೆ ಎಂದು ಕಂಡವಳು. ‘ನಾನು ಗಟ್ಟಿಯಾಗಿದ್ದೀನಿ, ಹುಷಾರಾಗಿರ್ತೀನಿ. ಏನಾದರೂ ಆದರೆ ನಿನ್ನನ್ನು ಇವರು ನೋಡ್ಕೊಳ್ತಾರೆ’ ಎಂದು ಒಬ್ಬರ ಹೆಸರು ಹೇಳಿ. ಆ ಒಬ್ಬರನ್ನು ಮೊದಲೇ ಕೇಳಿ ಒಪ್ಪಿಸಿರಿ. ಅವರ ನಂಬರನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಮನೆಗೆ ಬರುವ ಹೊತ್ತನ್ನು ಅರ್ಧ ಗಂಟೆ ತಡವಾಗಿಯೇ ಹೇಳಿ. ಆರಕ್ಕೆ ಬರುವವರು ಆರೂವರೆ ಅನ್ನಿ. ಅದೂ ಮೀರುವಂತಿದ್ದರೆ ಮೀರುವ ಮೊದಲೇ ಫೋನ್ ಮಾಡಿ.

ಕ್ಲಾಸ್ ಟೀಚರಿಗೆ ವಿಷಯ ತಿಳಿಸಿ. ದುಃಖದಲ್ಲಿರುವ ಮಗುವಿಗೆ ಓದಿದ್ದು ತಲೆಗೆ ಹತ್ತುವುದಿಲ್ಲ, ಅದು ಸೋಮಾರಿತನವಲ್ಲ. ನಿದ್ದೆಯೂ ನೋಡಿಕೊಳ್ಳಿ, ಈ ವಯಸ್ಸಿಗೆ 9ರಿಂದ 12 ಗಂಟೆ ಬೇಕು. ತಿಂಗಳುಗಟ್ಟಲೆ ನಿದ್ದೆ ಊಟ ಕೆಟ್ಟರೆ, ಅಥವಾ ಒಂದೇ ಸಲವಾದರೂ ‘ನಾನೂ ಹೋಗಿಬಿಡ್ತೀನಿ’ ಅಂದರೆ, ಮಕ್ಕಳ ಮನೋವೈದ್ಯರಲ್ಲಿಗೆ ತಡಮಾಡದೆ ಕರೆದುಕೊಂಡು ಹೋಗಿ.

ಇನ್ನೊಂದು: ಅಣ್ಣನಾದ ಮಾತ್ರಕ್ಕೆ ಕಾನೂನಿನ ಪಾಲಕ ಆಗುವುದಿಲ್ಲ. ತಂದೆತಾಯಿಯ ಮರಣ ಪತ್ರ, ತಂಗಿಯ ಜನನ ಪತ್ರ, ನಿಮ್ಮ ಆದಾಯದ ದಾಖಲೆ ಹಿಡಿದು ವಕೀಲರನ್ನು ಕಾಣಿ, ನ್ಯಾಯಾಲಯದ ಆದೇಶಕ್ಕೆ ಅರ್ಜಿ ಹಾಕಿ. ಆಮೇಲೆ ಅತ್ತೆಯ ಒತ್ತಾಯಕ್ಕೆ ಅಷ್ಟು ಬಲ ಇರುವುದಿಲ್ಲ.

ಅಂಕಪಟ್ಟಿಯನ್ನು ಈ ತಿಂಗಳು ಕೇಳಬೇಡಿ. ಫೋನನ್ನು ಅವಳೇ ಚಾರ್ಜಿಗೆ ಹಾಕಲಿ, ತಡೆಯಬೇಡಿ.