ಮಳೆಗಾಲವಿಡೀ ನಿಂತಿದ್ದ ಕಾರಿನ ಕ್ಲಚ್ ಬಿಡುತ್ತಿಲ್ಲ. ಕ್ಲಚ್ ಸೆಟ್ ಬದಲಿಸಲೇಬೇಕೆ?

ಟಿಳಕವಾಡಿಯ ಮನೆಯಂಗಳದಲ್ಲಿ ಮಳೆಗಾಲ ಮುಗಿಯುವವರೆಗೆ ನಿಲ್ಲಿಸಿದ್ದ ಕಾರು. ಎಂಜಿನ್ ಬಂದ್ ಇದ್ದಾಗ ಎಲ್ಲ ಗೇರೂ ಬೀಳುತ್ತವೆ, ಚಾಲೂ ಮಾಡಿದರೆ ಒಂದೂ ಬೀಳುವುದಿಲ್ಲ, ರಿವರ್ಸ್‌ಗೆ ಹಾಕಲು ಹೋದರೆ ಕರಕರ ಸದ್ದು ಎಂದು ಬರೆದಿದ್ದೀರಿ. ಗ್ಯಾರೇಜಿನವರು ಕ್ಲಚ್ ಸೆಟ್, ಅಂದರೆ ಎಂಜಿನ್ನಿಗೂ ಗೇರ್‌ಬಾಕ್ಸಿಗೂ ನಡುವಿನ ಕ್ಲಚ್ ಪ್ಲೇಟ್ ಮತ್ತು ಅದರ ಜೊತೆಯ ಭಾಗಗಳು, ಹೋಗಿದೆ ಎಂದಿದ್ದಾರೆ. ಅದನ್ನು ಬದಲಿಸಲು ಗೇರ್‌ಬಾಕ್ಸ್ ಇಳಿಸಬೇಕು. ಬೆಳಗಾವಿಯಲ್ಲೇ ಗಾಡಿ ರಿಪೇರಿ ಮಾಡಿಕೊಂಡು ಬಂದವನು ನಾನು. ಇಷ್ಟರಿಂದಲೇ ಗೇರ್‌ಬಾಕ್ಸ್ ಇಳಿಸಲು ದಯವಿಟ್ಟು ಒಪ್ಪಬೇಡಿ.

ಎಂಜಿನ್ನಿನ ಬಲವನ್ನು ಗೇರ್‌ಬಾಕ್ಸಿಗೆ ದಾಟಿಸುವ ಪ್ಲೇಟ್ ಸವೆದರೆ ಕ್ಲಚ್ ಜಾರುತ್ತದೆ. ಎಕ್ಸಿಲರೇಟರ್ ಒತ್ತಿದಷ್ಟೂ ಎಂಜಿನ್ ಸದ್ದು ಏರುತ್ತದೆ, ಗಾಡಿ ಮಾತ್ರ ಎಳೆಯುವುದಿಲ್ಲ. ವಂಟಮುರಿ ಘಾಟ್ ಏರುವಾಗ ಅದು ತಕ್ಷಣ ತಿಳಿಯುತ್ತದೆ. ನಿಮ್ಮದು ತೀರಾ ವಿರುದ್ಧ ತೊಂದರೆ: ಹಿಡಿದ ಪ್ಲೇಟ್ ಬಿಡುತ್ತಿಲ್ಲ. ಒಂದೋ ಪೆಡಲ್ ಒತ್ತಿದ ಬಲ ಗೇರ್‌ಬಾಕ್ಸ್‌ವರೆಗೆ ತಲುಪುತ್ತಿಲ್ಲ, ಇಲ್ಲವೇ ತಲುಪಿದರೂ ಒಳಗೆ ಪ್ಲೇಟ್ ಬೇರ್ಪಡುತ್ತಿಲ್ಲ. ಮೊದಲನೆಯದು ಹೊರಗಿನಿಂದಲೇ ಸರಿಹೋಗುವ ಕೆಲಸ, ಖರ್ಚೂ ಕಡಿಮೆ. ಆದ್ದರಿಂದ ಅದನ್ನೇ ಮೊದಲು ನೋಡಬೇಕು.

ಎಂಜಿನ್ ಬಂದ್ ಮಾಡಿ, ಹ್ಯಾಂಡ್‌ಬ್ರೇಕ್ ಎಳೆದು, ಚಕ್ರಗಳಿಗೆ ಕಲ್ಲು ಕೊಡಿ. ಮನೆಯವರೊಬ್ಬರು ಪೆಡಲನ್ನು ಪೂರ್ತಿ ಒತ್ತಲಿ. ನೀವು ಬಾನೆಟ್ ತೆರೆದು ಗೇರ್‌ಬಾಕ್ಸ್ ಮೇಲಿನ ಕ್ಲಚ್ ಲಿವರನ್ನು ನೋಡಿ. ಅದು ಒಂದು ಸೆಂಟಿಮೀಟರಿಗಿಂತ ಹೆಚ್ಚು, ನಿಲ್ಲದೆ ಸರಿಯಬೇಕು. ಅಲುಗಿದಂತೆ ಮಾಡಿ ನಿಂತುಬಿಟ್ಟರೆ ದೋಷ ಹೊರಗಿದೆ ಎಂದೇ ತಿಳಿಯಿರಿ. ಕೆಲವು ಹೊಸ ಕಾರುಗಳಲ್ಲಿ ಆಯಿಲ್ ಒತ್ತಡದಿಂದ ಕ್ಲಚ್ ಬಿಡಿಸುವ ಸ್ಲೇವ್ ಸಿಲಿಂಡರ್ ಗೇರ್‌ಬಾಕ್ಸ್ ಒಳಗೇ ಇರುತ್ತದೆ. ಅಲ್ಲಿ ಈ ಪರೀಕ್ಷೆ ಆಗದು, ಒತ್ತಿದಾಗ ಪೆಡಲ್ ಹೇಗನಿಸುತ್ತದೆ ಎಂಬುದರಿಂದಲೇ ಊಹಿಸಬೇಕು.

ಕೇಬಲ್ ಇರುವ ಕಾರಾದರೆ, ಮಾರುತಿ 800ರಂತೆ, ಪೆಡಲ್ ಕಡೆಯ ಕೊಂಡಿಯಲ್ಲಿ ತಂತಿಯ ಎಳೆಗಳು ಬಿಚ್ಚಿವೆಯೇ ನೋಡಿ. ಅಡ್ಜಸ್ಟ್ ಮಾಡುವ ನಟ್ ಸಡಿಲವಾಗಿದ್ದರೂ ಇದೇ ತೊಂದರೆ. ಎಳೆಗಳು ಕಡಿದಿದ್ದರೆ ಬಿಗಿ ಮಾಡುತ್ತಾ ಕೂರಬೇಡಿ, ಹೊಸ ಕೇಬಲ್ ಹಾಕಿಸಿ.

ಹೈಡ್ರಾಲಿಕ್ ಆದರೆ, ಅಂದರೆ ಕೇಬಲ್ ಬದಲು ಬ್ರೇಕ್ ಆಯಿಲ್ ಒತ್ತಡದಿಂದ ಕೆಲಸ ಮಾಡುವ ಕ್ಲಚ್ ಆದರೆ, ಇನ್ನಷ್ಟು ಗಮನ ಬೇಕು. ಹ್ಯಾಂಡ್‌ಬ್ರೇಕ್ ಎಳೆದೇ ಇಟ್ಟು ಎಂಜಿನ್ ಚಾಲೂ ಮಾಡಿ. ಪೆಡಲನ್ನು ಬೇಗ ಬೇಗನೆ ನಾಲ್ಕಾರು ಸಲ ಒತ್ತಿ, ಒತ್ತಿ ಹಿಡಿದೇ ಗೇರ್ ಹಾಕಿ ನೋಡಿ. ಆಗ ಬಿದ್ದರೆ ಲೈನಿನಲ್ಲಿ ಏರ್ ಹಿಡಿದಿದೆ ಅಥವಾ ಸೀಲ್ ಹೋಗಿದೆ. ಆಯಿಲ್ ಕಡಿಮೆಯಾಗಿದ್ದರೆ ತುಂಬಿಸಿ ಸುಮ್ಮನಾಗಬೇಡಿ. ಅದು ಎಲ್ಲಿಗೆ ಹೋಯಿತು ಎಂದು ಹುಡುಕಿ. ಸ್ಲೇವ್ ಸಿಲಿಂಡರಿನ ರಬ್ಬರ್ ಟೊಪ್ಪಿಗೆಯ ಅಂಚನ್ನು ಬೆರಳಿನಿಂದ ಮೆಲ್ಲಗೆ ಎತ್ತಿದಾಗ ಒಳಗಿನಿಂದ ಕಪ್ಪು ಆಯಿಲ್ ತೊಟ್ಟಿಕ್ಕಿದರೆ ಅದರ ಸೀಲ್ ಮುಗಿದಿದೆ. ಅಲ್ಲಿ ಒಣಗಿದ್ದರೆ ಕಾರಿನೊಳಗೆ ಪೆಡಲ್ ಹಿಂದಿನ ಗೋಡೆಯನ್ನು ತಡವಿ ನೋಡಿ. ಜಿಡ್ಡು ಕೈಗೆ ಹತ್ತಿದರೆ ಪೆಡಲ್ ಒತ್ತಿದಾಗ ಆಯಿಲನ್ನು ತಳ್ಳುವ ಮಾಸ್ಟರ್ ಸಿಲಿಂಡರ್ ಸೋರುತ್ತಿದೆ. ಎಷ್ಟೋ ಕಾರುಗಳಲ್ಲಿ ಬ್ರೇಕಿಗೂ ಕ್ಲಚ್ಚಿಗೂ ಒಂದೇ ಆಯಿಲ್ ಡಬ್ಬಿ ಇರುವುದರಿಂದ ಈ ಸೋರಿಕೆಯನ್ನು ಹಗುರವಾಗಿ ತೆಗೆದುಕೊಳ್ಳಬಾರದು. ಡಬ್ಬಿಯ ಮುಚ್ಚಳದ ಮೇಲೆ ಡಾಟ್ 3 ಅಥವಾ ಡಾಟ್ 4 ಎಂದು ಬ್ರೇಕ್ ಆಯಿಲಿನ ದರ್ಜೆ ಬರೆದಿರುತ್ತದೆ, ಅದನ್ನೇ ಹಾಕಿ. ಎಂಜಿನ್ ಆಯಿಲ್ ಹಾಕಿದರೆ ರಬ್ಬರ್ ಸೀಲುಗಳೆಲ್ಲ ಉಬ್ಬಿ ಕೆಡುತ್ತವೆ. ಬ್ರೇಕ್ ಆಯಿಲ್ ಬಣ್ಣವನ್ನು ತಿನ್ನುತ್ತದೆ, ಚೆಲ್ಲಿದರೆ ಕೂಡಲೇ ನೀರಿನಲ್ಲಿ ತೊಳೆಯಿರಿ.

ಲಿವರ್ ಪೂರ್ತಿ ಸರಿಯುತ್ತಿದೆ, ಪೆಡಲೂ ಮೊದಲಿನಂತೆಯೇ ಇದೆ ಎಂದಾದರೆ ನನ್ನ ಅನುಮಾನ ತುಕ್ಕಿನ ಮೇಲೆ. ಪ್ಲೇಟ್ ಒತ್ತಿ ಕೂರುವ ಎಂಜಿನ್ ಕಡೆಯ ಚಕ್ರ, ಅಂದರೆ ಫ್ಲೈವೀಲ್, ಬೀಡುಕಬ್ಬಿಣದ್ದು; ನಮ್ಮ ಬೆಳಗಾವಿಯ ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ತೇವದಲ್ಲಿ ಗಾಡಿ ಅಲುಗದೆ ನಿಂತರೆ ಪ್ಲೇಟ್ ಅದಕ್ಕೆ ಅಂಟಿಕೊಳ್ಳುತ್ತದೆ. ನೀವು ಹೇಳಿದ ವಿವರಕ್ಕೆ ಇದೇ ಹೆಚ್ಚು ಹೊಂದುತ್ತದೆ. ಎಂಜಿನ್ ಬಿಸಿ ಮಾಡಿ ಬಂದ್ ಮಾಡಿ. ಮುಂದೆ ಯಾರೂ, ಏನೂ ಇಲ್ಲದ ವಿಶಾಲ ಮೈದಾನದಲ್ಲಿ ಎರಡನೇ ಗೇರ್ ಹಾಕಿ, ಕ್ಲಚ್ ಪೂರ್ತಿ ಒತ್ತಿ ಚಾಲೂ ಮಾಡಿ. ಗಾಡಿ ಆ ಕ್ಷಣದಿಂದಲೇ ಚಲಿಸುತ್ತದೆ, ಬ್ರೇಕ್ ಮೇಲೆ ಎಚ್ಚರವಿರಲಿ. ಕ್ಲಚ್ ಒತ್ತಿಯೇ ಎಕ್ಸಿಲರೇಟರನ್ನು ಕೊಟ್ಟು ಬಿಟ್ಟು ಮಾಡುತ್ತಿದ್ದರೆ ಆ ಜಗ್ಗಾಟಕ್ಕೆ ಪ್ಲೇಟ್ ಸಾಮಾನ್ಯವಾಗಿ ಬಿಡುತ್ತದೆ. ಮನೆಯ ಓಣಿಯಲ್ಲಿ ಇದನ್ನು ಮಾಡಲೇಬೇಡಿ. ಬಿಡದ ಕ್ಲಚ್ಚಿನಲ್ಲಿ ಚೆನ್ನಮ್ಮ ವೃತ್ತದ ಕಡೆಗೆ ಹೋಗುವುದಂತೂ ಬೇಡ. ಬ್ರೇಕ್ ಹಿಡಿದಾಗಲೆಲ್ಲ ಎಂಜಿನ್ ಬಂದ್ ಬೀಳುತ್ತದೆ.

ಹೀಗೂ ಬಿಡದಿದ್ದರೆ ಗೇರ್‌ಬಾಕ್ಸ್ ಇಳಿಸಲಿ. ಆದರೆ ಬಿಚ್ಚುವಾಗ ನೀವು ಅಲ್ಲಿರಿ. ಪ್ಲೇಟನ್ನು ಫ್ಲೈವೀಲಿಗೆ ಒತ್ತಿ ಹಿಡಿಯುವ ಪ್ರೆಶರ್ ಪ್ಲೇಟಿನ ಬೆರಳುಗಳು ಒಂದೇ ಮಟ್ಟದಲ್ಲಿವೆಯೇ, ಆ ಬೆರಳುಗಳನ್ನು ಒತ್ತುವ ರಿಲೀಸ್ ಬೇರಿಂಗ್ ಸರಾಗವಾಗಿ ತಿರುಗುತ್ತದೆಯೇ, ಬೇರಿಂಗನ್ನು ತಳ್ಳುವ ಫೋರ್ಕ್ ಸೀಳಿದೆಯೇ, ಪ್ಲೇಟ್ ಶಾಫ್ಟಿನ ಹಲ್ಲುಗಳ ಮೇಲೆ ಸುಲಭವಾಗಿ ಜಾರುತ್ತದೆಯೇ ಎಂದು ಕೈಯಲ್ಲಿ ಹಿಡಿದು ನೋಡಿ. ಫ್ಲೈವೀಲಿಗೆ ಬರೀ ತುಕ್ಕು ಹತ್ತಿದ್ದರೆ ಉದ್ಯಮಬಾಗಿನ ಯಾವುದಾದರೂ ಲೇತ್ ಅಂಗಡಿಯಲ್ಲಿ ವಿಚಾರಿಸಿ, ಮುಖ ಸಮ ಮಾಡಿಸಿಕೊಂಡರೆ ಸಾಕಾಗಬಹುದು. ಹೊಸ ಪ್ಲೇಟ್ ಹಾಕುವುದೇ ಆದರೆ ಯಾವ ಮುಖ ಫ್ಲೈವೀಲ್ ಕಡೆಗೆ ಎಂಬ ಗುರುತನ್ನು ಜೋಡಿಸುವ ಮೊದಲೇ ಖಚಿತಪಡಿಸಿಕೊಳ್ಳಿ. ತಿರುವುಮುರುವಾಗಿ ಕೂತರೆ ಹೊಸ ಕ್ಲಚ್ಚೂ ಹೀಗೆಯೇ ಬಿಡುವುದಿಲ್ಲ, ಗೇರ್‌ಬಾಕ್ಸ್ ಮತ್ತೆ ಇಳಿಸಬೇಕಾಗುತ್ತದೆ.