ಎನ್‌ಕ್ಲೆಕ್ಸ್ 85ಕ್ಕೇ ನಿಂತೋಯ್ತು, ಫೇಲಾ ಅಂತ ಕೇಳಿದ್ರಲ್ಲ

ಅಯ್ಯೋ ಸಿಸ್ಟರ್, ಎನ್‌ಕ್ಲೆಕ್ಸಲ್ಲಿ (ಅಮೆರಿಕದಲ್ಲಿ ನರ್ಸ್ ಆಗೋಕೆ ಬರೆಯೋ ಲೈಸೆನ್ಸ್ ಪರೀಕ್ಷೆ) 85ನೇ ಪ್ರಶ್ನೆಗೇ ಸ್ಕ್ರೀನ್ ಆಫ್ ಆಯ್ತು, ಎರಡು ದಿನದಿಂದ ನಿದ್ದೆ ಇಲ್ಲ, ಆ ಪಿಯರ್ಸನ್ ಟ್ರಿಕ್ (ರಿಸಲ್ಟ್ ಬರೋ ಮುಂಚೆನೇ ಮತ್ತೆ ಪರೀಕ್ಷೆಗೆ ರಿಜಿಸ್ಟರ್ ಮಾಡೋಕೆ ಹೋಗಿ ಪಾಸಾ ಫೇಲಾ ಅಂತ ಊಹಿಸೋದು) ಮಾಡ್ಲಾ ಅಂತ ಬರ್ದಿದೀರಲ್ಲ, ನಂದೂ ಇದೇ ಕಥೆ. ಬೆಂಗಳೂರು ಸೆಂಟರಿಂದ ಹೊರಗೆ ಬಂದು ಆಟೋದಲ್ಲಿ ಕೂತು ಅತ್ತಿದ್ದೆ, ಪಾಪ ಆಟೋದವ್ರು ಯಾರೋ ತೀರ್ಕೊಂಡಿದಾರೆ ಅನ್ಕೊಂಡು ಮೀಟರ್ ಮೇಲೆ ಒಂದ್ ರೂಪಾಯೀನೂ ಕೇಳ್ಲಿಲ್ಲ.

85ಕ್ಕೆ ನಿಂತ್ರೆ ಪಾಸೂ ಆಗ್ಬೋದು ಫೇಲೂ ಆಗ್ಬೋದು, ನೀವು ಪಾಸಿಂಗ್ ಗೆರೆಗಿಂತ ಮೇಲೋ ಕೆಳಗೋ ಅನ್ನೋದು ಕಂಪ್ಯೂಟರ್‌ಗೆ 95% ಖಾತ್ರಿ ಆದ್ರೆ ನಿಲ್ಸುತ್ತೆ ಅಷ್ಟೆ. ಸರಿ ಉತ್ತರ ಕೊಟ್ಟಷ್ಟೂ ಮುಂದಿಂದು ಕಷ್ಟದ್ದೇ ಬರುತ್ತಲ್ಲ, ಅದಕ್ಕೇ ಚೆನ್ನಾಗಿ ಮಾಡಿದೋರಿಗೂ ಎಲ್ಲಾ ಹಾಳಾಯ್ತು ಅನ್ಸುತ್ತೆ, ಜೊತೆಗೆ ಆ 85ರಲ್ಲಿ 15 ಬರೀ ಟ್ರಯಲ್‌ಗೆ ಹಾಕಿರೋ ಪ್ರಶ್ನೆ, ಸ್ಕೋರಿಗೆ ಸೇರೋದೇ ಇಲ್ಲ. ನೆನಪಿರೋದನ್ನೆಲ್ಲ ಗೂಗಲ್ ಮಾಡ್ಕೊಂಡು ಕೂರ್ಬೇಡಿ.

ಟ್ರಿಕ್ ಮಾತ್ರ ದಯವಿಟ್ಟು ಬೇಡ, ಅದು ಅಫಿಶಿಯಲ್ ಅಲ್ಲ, ಕಾರ್ಡಿಂದ 200 ಡಾಲರ್ ಕಟ್ಟಾದ್ರೆ ಇನ್ನೊಂದು ತಲೆನೋವು. ನಿಮ್ಗೆ ಲೈಸೆನ್ಸ್ ಕೊಡೋ ಸ್ಟೇಟ್ ನರ್ಸಿಂಗ್ ಬೋರ್ಡ್‌ಗೆ ಕ್ವಿಕ್ ರಿಸಲ್ಟ್ ಅನ್ನೋ ಸೌಲಭ್ಯ ಇದ್ರೆ ಎರಡು ವರ್ಕಿಂಗ್ ಡೇ ಆದ್ಮೇಲೆ ದುಡ್ ಕಟ್ಟಿ ನೋಡ್ಬೋದು, ಶನಿವಾರ ಭಾನುವಾರ ಲೆಕ್ಕಕ್ಕಿಲ್ಲ.

ನಾನು ಆ ಎರಡು ದಿನ ಕೇಳಿ ನೈಟ್ ಡ್ಯೂಟಿ ಹಾಕಿಸ್ಕೊಂಡೆ, ಹಗಲು ಫೋನ್ ಅಮ್ಮನ ಕೈಗೆ ಕೊಟ್ಟು ಮಲಗ್ತಿದ್ದೆ, ಅವ್ರು ಅದನ್ನ ಅಕ್ಕಿ ಡಬ್ಬದಲ್ಲಿ ಬಚ್ಚಿಟ್ಟಿದ್ರು! ಎದೆ ಡವಡವ ನಿಲ್ತಾನೇ ಇಲ್ಲ, ಊಟಾನೂ ಸೇರ್ತಿಲ್ಲ ಅಂದ್ರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಗೆ ಫೋನ್ ಮಾಡಿ, ಫ್ರೀ, ಕನ್ನಡದಲ್ಲೇ ಮಾತಾಡ್ಬೋದು. ಅಕಸ್ಮಾತ್ ಆಗ್ಲಿಲ್ಲ ಅಂದ್ರೂ ಸಾಮಾನ್ಯವಾಗಿ 45 ದಿನ ಬಿಟ್ಟು ಮತ್ತೆ ಬರೀಬೋದು. ಅಂದಹಾಗೆ ನಿಮ್ದು ಯಾವ ಸ್ಟೇಟ್ ಬೋರ್ಡು?